ತಿಮ್ಮನ ಪಾದಸೇವೆ

ನನಗೆ ನಾಯಿ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ನನಗೂ ಕ್ಷೇಮ. ದಿಲ್ಲಿಗೆ ಬಂದು ಇಷ್ಟು ವರ್ಷವಾದರೂ, ವಸಂತ್ ಕುಂಜ್‌ನ ನಮ್ಮ ಗೇಟಿನ ಬಳಿ ಬಿಸಿಲಿಗೆ ಮೈಯೊಡ್ಡಿ ಮಲಗುವ ನಾಯಿಗಳನ್ನು ದಾಟಬೇಕಾದರೆ ಕಾವಲುಗಾರ ಭಯ್ಯಾನನ್ನು ಈಗಲೂ ಜೊತೆಗೆ ಕರೆಯುತ್ತೇನೆ. ಅಂಥವಳು ಒಂದು ಮುದಿ ನಾಯಿಯ ಪಾದಗಳ ವಿಚಾರ ಬರೆಯಲು ಕೂತಿದ್ದೇನೆ. ಈ ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದರೆ, ಅವರ ಮುಖಕ್ಕಿಂತ ಮೊದಲು ಅವರ ತೊಡೆಯ ಮೇಲೆ ಚಾಚಿಕೊಂಡಿರುತ್ತಿದ್ದ ಆ ಕರಿ ಕಾಲೇ ಕಣ್ಣಿಗೆ ಬರುತ್ತದೆ. ಏನು ಮಾಡಲಿ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ನಾನು ತುಮಕೂರಿನಿಂದ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ದೊಡ್ಡ ಸಾಹೇಬರೊಬ್ಬರಿಗೆ ಪಿ.ಎಸ್. ಆಗಿದ್ದರು. ಅರಸೀಕೆರೆಯವರು. ಚಿಕ್ಕ ವಯಸ್ಸಿಗೇ ಸ್ಟೆನೋ ಪರೀಕ್ಷೆ ಪಾಸು ಮಾಡಿ, ಒಬ್ಬರೇ ರೈಲು ಹತ್ತಿ ದಿಲ್ಲಿಗೆ ಬಂದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ಮಾಡಿದವರಿಗೆ, "ಡಿಕ್ಟೇಶನ್ ತಗೊಳ್ಳೋದು ಆಫೀಸಲ್ಲೇ ಸಾಕಾಗಿತ್ತು, ಮನೆಯಲ್ಲೂ ಬೇಕಿತ್ತಾ?" ಎನ್ನುತ್ತಿದ್ದರು. ಮೊದಲ ದಿನ ನಾನು ಅವರನ್ನು ಮೇಡಂ ಎಂದು ಕರೆದೆ. ಕನ್ನಡದವಳೆಂದು ಗೊತ್ತಾದೊಡನೆ, "ಮೇಡಂ ಅಂತ ಹಿಂದಿಯವರು ಕರೀತಾರೆ, ನೀನು ಅಕ್ಕ ಅನ್ನು" ಎಂದು ತಮ್ಮ ಡಬ್ಬಿಯ ಚಿತ್ರಾನ್ನವನ್ನು ಅರ್ಧ ನನ್ನ ತಟ್ಟೆಗೆ ಹಾಕಿದರು. ನಮ್ಮ ಪರಿಚಯವಾದದ್ದು ಹಾಗೆ.

ಆಗ ಅವರ ಮನೆ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿತ್ತು. ಅಲ್ಲಿನ ಬಟ್ಟೆ ಮಾರುಕಟ್ಟೆಯ ಗದ್ದಲದಲ್ಲಿ, ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಮುಂಗಾಲು ಜಜ್ಜಿಹೋದ ಕರಿ ಮರಿಯೊಂದು ಅವರ ಕಣ್ಣಿಗೆ ಬಿತ್ತು. ಸೀರೆ ಕೊಳ್ಳಲು ಹೋದವರು ಸೀರೆ ಬಿಟ್ಟು ಮರಿಯನ್ನು ಎತ್ತಿಕೊಂಡು ಬಂದರು. ಕಾಲೇನೋ ಗುಣವಾಯಿತು. ಆದರೆ ಅಂದಿನಿಂದ ಪಾದ ಮುಟ್ಟಲು ಆ ನಾಯಿ ಅಕ್ಕನೊಬ್ಬರನ್ನು ಬಿಟ್ಟು ಇನ್ಯಾರಿಗೂ ಬಿಡಲಿಲ್ಲ. ತಲೆ ಸವರಬಹುದು, ಕಿವಿ ಹಿಂಡಬಹುದು, ಪಾದದ ಹತ್ತಿರ ಕೈ ಹೋದರೆ ಮಾತ್ರ ಹಲ್ಲು ಕಾಣಿಸುತ್ತಿತ್ತು.

ಅವನಿಗೆ ತಿಮ್ಮ ಎಂದು ಹೆಸರಿಟ್ಟರು. ಕಾಲೊನಿಯವರ ಬಾಯಲ್ಲಿ ಅದು ಟಿಮ್ಮಿ ಆಯಿತು. ಅಕ್ಕ ಅವನ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗಿಂತ ತಿಮ್ಮನಿಗೇ ಹೆಚ್ಚು ಕನ್ನಡ ಬರುತ್ತದೆ ಎಂದು ನಾನೊಮ್ಮೆ ಹಂಗಿಸಿದೆ. ಮಗಳು ಸಿಡುಕಿ, "ಅಮ್ಮಾ, ನಂಗೂ ಎಲ್ಲಾ ಸಮಝ್ ಆಗತ್ತೆ, ಬೋಲ್ನಾ ಮಾತ್ರ ಕಷ್ಟ" ಎಂದಳು. "ಪಾಪ, ತಿಮ್ಮನ ಕಷ್ಟವೂ ಅದೇ" ಎಂದರು ಅಕ್ಕ.

ಅಕ್ಕ ನಿವೃತ್ತರಾಗುವ ಹೊತ್ತಿಗೆ ತಿಮ್ಮನ ಮೂತಿ ಬೆಳ್ಳಗಾಗಿತ್ತು. ಕ್ವಾರ್ಟರ್ಸ್ ಬಿಡಬೇಕಾಗಿ ಬಂದಾಗ ಅವರು ವಸಂತ್ ಕುಂಜ್‌ನಲ್ಲಿ ನಮ್ಮ ಬ್ಲಾಕಿಗೇ ಬಂದರು. ನಾವು ಮೊದಲೇ ಅಲ್ಲಿದ್ದೆವು. ನನ್ನ ಗಂಡನಿಗೆ ದಿನವೂ ಮಾನೇಸರ್‌ನ ಕಾರ್ಖಾನೆಗೆ ಹೋಗಿಬರಲು ಅನುಕೂಲವೆಂದು. ಎರಡನೇ ಮಹಡಿಯಲ್ಲಿ ಗಾಳಿ ಬೆಳಕು ಚೆನ್ನಾಗಿರುವ ಫ್ಲ್ಯಾಟೊಂದು ಖಾಲಿಯಿತ್ತು. ಅಕ್ಕ ಅದನ್ನು ನೋಡಲೂ ಇಲ್ಲ. "ಅದಕ್ಕೆ ಮೆಟ್ಟಿಲಿದೆಯಲ್ಲ ಕಣೇ" ಎಂದು ನೆಲಮಹಡಿಯಲ್ಲಿ ಹಗಲೂ ದೀಪ ಹಾಕಬೇಕಾದ ಮನೆ ಹಿಡಿದರು. ಬಂದ ವಾರದಲ್ಲೇ ಹಾಲಿನಿಂದ ಅಡುಗೆಮನೆಯವರೆಗೆ, ಅಲ್ಲಿಂದ ಬಾಗಿಲವರೆಗೆ ರಬ್ಬರು ಚಾಪೆ ಹಾಸಿ ತಿಮ್ಮನಿಗೊಂದು ರಸ್ತೆ ಮಾಡಿದರು. ಅದರ ಮೇಲೆ ನಾವು ಚಪ್ಪಲಿ ಬಿಡುವ ಹಾಗಿರಲಿಲ್ಲ.

ಮುದಿ ನಾಯಿಯ ಕಷ್ಟ ಪಾದದಿಂದ ಶುರುವಾಗುತ್ತದೆಂದು ನನಗೆ ತಿಳಿದದ್ದು ಆ ಮನೆಯಲ್ಲಿ. ಓಡಾಟ ಕಮ್ಮಿಯಾದರೆ ಉಗುರು ಸವೆಯುವುದಿಲ್ಲ. ಬೆಳೆದ ಉಗುರು ನೆಲಕ್ಕೆ ಒತ್ತಿ ಬೆರಳನ್ನು ಮೇಲಕ್ಕೆ ತಳ್ಳುತ್ತದೆ, ಅಂಗಾಲು ನೆಲಕ್ಕೆ ಸರಿಯಾಗಿ ಕೂರುವುದಿಲ್ಲ. ಬೆರಳ ಸಂದಿಯಲ್ಲಿ ಕೂದಲು ಬೆಳೆದರೆ ನುಣುಪು ನೆಲದ ಮೇಲೆ ಜಾರುತ್ತದೆ. ಒಮ್ಮೆ ಜಾರಿ ಬಿದ್ದ ಮುದಿ ನಾಯಿ ಹೆದರುತ್ತದೆ, ಹೆದರಿದ್ದು ಮೂಲೆ ಹಿಡಿಯುತ್ತದೆ. "ಆಮೇಲೆ ಎಬ್ಬಿಸೋಕಾಗಲ್ಲ. ಹೋಗೋದು ಹೃದಯ ನಿಂತಲ್ಲ, ಕಾಲು ನಿಂತು" ಎನ್ನುತ್ತಿದ್ದರು ಅಕ್ಕ. ಅವರ ಅಪ್ಪನೂ ಹಾಗೇ ಹೋದರಂತೆ.

ಆದ್ದರಿಂದ ದಿನಾ ಸಂಜೆ ಕಾಫಿ ಕುಡಿದ ಮೇಲೆ ಪಾದಸೇವೆ. ಆ ಹೆಸರಿಟ್ಟವಳು ನಾನೇ. ಅಕ್ಕ ಗೋಡೆಗೊರಗಿ ಕಾಲು ಚಾಚಿ ಕೂತು, ತೊಡೆಯ ಮೇಲೆ ಹಳೇ ಟವೆಲ್ ಹಾಸಿ, "ತಿಮ್ಮ, ಕಾಲು ಕೊಡಪ್ಪ" ಎನ್ನುವರು. ಅವನು ಆಕಳಿಸಿ, ತನಗೇನೂ ಅವಸರವಿಲ್ಲ ಎಂಬಂತೆ ಬಂದು ಒರಗಿ ಮಲಗಿ, ಒಂದು ಕಾಲು ಚಾಚುವನು. ಮೊದಲು ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಬೆರಳ ಸಂದಿಗಳನ್ನು ಒರೆಸಿ, ಒಣಗಿಸಿ, ಮೊಂಡು ಮೂತಿಯ ಪುಟ್ಟ ಕತ್ತರಿಯಿಂದ ಕೂದಲು ಕತ್ತರಿಸುವರು. ಉಗುರಿನ ಸರದಿ ದಿನಾ ಇರುತ್ತಿರಲಿಲ್ಲ. ಇದ್ದ ದಿನ ಮಾತ್ರ ಮನೆಯಲ್ಲಿ ಯಾರೂ ಮಾತಾಡಬಾರದು. ಬಿಳಿ ಉಗುರಾದರೆ ಒಳಗಿನ ರಕ್ತನಾಳ ಹೊರಗಿಂದಲೇ ಕಾಣುತ್ತದಂತೆ, ತಿಮ್ಮನದು ಅಚ್ಚ ಕರಿ. ಎಳ್ಳಿನಷ್ಟು ಕತ್ತರಿಸಿ, ಕನ್ನಡಕದೊಳಗಿಂದ ನೋಡಿ, ಮತ್ತೆ ಎಳ್ಳಿನಷ್ಟು. ಕತ್ತರಿಸಿದ ಜಾಗದ ನಡುವೆ ಹಸಿಯಾದ ಚುಕ್ಕೆ ಕಂಡರೆ ಅಲ್ಲಿಗೆ ನಿಲ್ಲಿಸಬೇಕು. ಕೈತಪ್ಪಿ ರಕ್ತ ಬಂದರೆ ಇರಲಿ ಎಂದು ಪಕ್ಕದಲ್ಲಿ ಅರಿಸಿನದ ಬಟ್ಟಲು. ಅದನ್ನು ಬಳಸಿದ್ದನ್ನು ನಾನು ನೋಡಿಲ್ಲ.

ಇದರಲ್ಲೂ ಅರಸೀಕೆರೆಯ ಶಾಸ್ತ್ರ ಬಿಡಲಿಲ್ಲ. ಮಂಗಳವಾರ, ಶುಕ್ರವಾರ ಉಗುರು ತೆಗೆಯುವಂತಿಲ್ಲ; ದೀಪ ಹಚ್ಚಿದ ಮೇಲಂತೂ ಇಲ್ಲವೇ ಇಲ್ಲ. "ನಾಯಿಗೂ ಲಕ್ಷ್ಮಿಗೂ ಏನಕ್ಕಾ ಸಂಬಂಧ?" ಎಂದರೆ, "ಕತ್ತರಿ ಹಿಡಿಯೋ ಕೈ ನನ್ನದಲ್ವಾ" ಎನ್ನುತ್ತಿದ್ದರು.

ಒಮ್ಮೆ ಈ ಶಾಸ್ತ್ರ ಅತಿಯಾಗಿ ಎಡವಟ್ಟಾಯಿತು. ಜೂನ್ ತಿಂಗಳು, ದಿಲ್ಲಿಯ ನೆಲ ಕಾದ ಕಾವಲಿ. ಹೊರಗೆ ಕರೆದೊಯ್ಯುವ ಮುಂಚೆ ಅಕ್ಕ ಬಗ್ಗಿ ಹಿಂಗೈಯನ್ನು ರಸ್ತೆಗಿಟ್ಟು ನೋಡುವರು. ತಮ್ಮ ಕೈ ತಡೆದರೆ ಮಾತ್ರ ತಿಮ್ಮ ಹೊರಗೆ. ಆದರೂ ಅಂಗಾಲು ಒಡೆಯಿತು. ನಮ್ಮ ಕಡೆ ಮಕ್ಕಳಿಗೆ ಉಷ್ಣವಾದರೆ ಏನು ಮಾಡುತ್ತೇವೆ? ನೆತ್ತಿಗೆ, ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತೇವೆ. ಅಕ್ಕ ಊರಿಂದ ತರಿಸಿದ ಗಟ್ಟಿ ಹರಳೆಣ್ಣೆಯನ್ನು ತಿಮ್ಮನ ನಾಲ್ಕು ಅಂಗಾಲಿಗೂ ಧಾರಾಳವಾಗಿ ತಿಕ್ಕಿದರು. ಮಕ್ಕಳು ಅಂಗಾಲು ನೆಕ್ಕುವುದಿಲ್ಲ, ತಿಮ್ಮ ನೆಕ್ಕಿದ. ಆಮೇಲೆ ಆ ರಬ್ಬರು ರಸ್ತೆಯ ಗತಿ ಏನಾಯಿತೆಂದು ನಾನು ವಿವರಿಸುವುದಿಲ್ಲ. ತಿಮ್ಮನನ್ನು ನೋಡುತ್ತಿದ್ದ ಪಶುವೈದ್ಯರು ವಿಷಯ ಕೇಳಿ ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿದರಂತೆ.

ಅಲ್ಲಿಂದ ಮುಂದೆ ಕೊಬ್ಬರಿ ಎಣ್ಣೆ, ಅದೂ ಬೆರಳ ತುದಿಯಷ್ಟು. ಅದು ಹೀರುವ ತನಕ ನೆಕ್ಕದ ಹಾಗೆ, ಜಾರದ ಹಾಗೆ ಕಾಲುಚೀಲ. ಅದನ್ನು ಕೊಳ್ಳಲು ಸರೋಜಿನಿ ನಗರಕ್ಕೆ ನಾನೂ ಹೋಗಿದ್ದೆ. ಹಸುಗೂಸಿನ ಕಾಲುಚೀಲಗಳನ್ನು ಎಳೆದೆಳೆದು ನೋಡುತ್ತಿದ್ದ ಅಕ್ಕನನ್ನು ಅಂಗಡಿಯವನು, ಮಗುವಿಗೆ ಎಷ್ಟು ತಿಂಗಳು ಎಂದು ಹಿಂದಿಯಲ್ಲಿ ಕೇಳಿದ. "ತೇರಹ್ ಸಾಲ್" ಎಂದರು ಅಕ್ಕ. ಹದಿಮೂರು ವರ್ಷ! ಅವನ ಮುಖ ಕಂಡು ನಾನು ಪಕ್ಕದ ಅಂಗಡಿಗೆ ಓಡಿ ನಕ್ಕೆ. ಅವರು ಮಾತ್ರ ಗಂಭೀರವಾಗಿ, ಒಬ್ಬನಿಗೇ ಎರಡು ಜೊತೆ ಬೇಕು, ಒಟ್ಟಿಗೆ ಹಾಕುವುದು ಎಂದು ಚೌಕಾಸಿ ಮಾಡುತ್ತಿದ್ದರು.

ನಗುವುದಕ್ಕೆ ಇಷ್ಟು ಸಾಕು. ನಮ್ಮ ಮನೆಯ ವರಮಹಾಲಕ್ಷ್ಮಿ ಪೂಜೆಯ ದಿನ ಆಡಿದ ಮಾತೊಂದನ್ನು ಹೇಳಬೇಕು. ಅರಿಸಿನ ಕುಂಕುಮಕ್ಕೆ ಬಂದ ಹಿರಿಯರೊಬ್ಬರು ನನಗೆ ಮುತ್ತೈದೆಯಾಗಿ ಬಾಳು, ಮುತ್ತೈದೆಯಾಗಿಯೇ ಹೋಗು ಎಂದು ಹರಸಿದರು. ಯಾರೋ ತುಂಟತನಕ್ಕೆ ಅಕ್ಕನನ್ನು, "ನೀವೇನು ಬೇಡ್ಕೊಂಡ್ರಿ?" ಎಂದು ಕೇಳಿದರು. ಅಕ್ಕ ಕೋಸಂಬರಿಯ ತಟ್ಟೆ ಕೆಳಗಿಟ್ಟು, "ನೀವೆಲ್ಲ ಗಂಡನಿಗಿಂತ ಮುಂಚೆ ಹೋಗಬೇಕು ಅಂತ ಬೇಡ್ಕೊಳ್ತೀರಿ. ನಾನು ತಿಮ್ಮನಿಗಿಂತ ಒಂದು ದಿನವಾದ್ರೂ ಆಮೇಲೆ ಹೋಗಬೇಕು ಅಂತ ಬೇಡ್ಕೊಳ್ತೀನಿ" ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. "ನಾನಿಲ್ಲದಿದ್ರೆ ಅವನ ಪಾದ ಯಾರು ಮುಟ್ತಾರೆ? ಉಗುರು ಸುರುಳಿ ಸುತ್ಕೊಂಡು ಮಾಂಸಕ್ಕೆ ಚುಚ್ಚತ್ತೆ. ಹಾಗೆ ನೋವಲ್ಲಿ ಹೋಗಬಾರದು."

ಎಲ್ಲರೂ ಹೋದ ಮೇಲೆ ನಾನು ಛೇಡಿಸಿದೆ. "ಒಂದು ಕಡೆ ತಿಮ್ಮ ಮುಂಚೆ ಹೋಗಲಿ ಅಂತೀರಿ, ಇನ್ನೊಂದು ಕಡೆ ದಿನಾ ಪಾದಸೇವೆ ಮಾಡಿ ಅವನ ಆಯಸ್ಸು ಬೆಳೆಸ್ತೀರಿ. ದೇವರಿಗೆ ತಲೆ ಕೆಡಲ್ವಾ ಅಕ್ಕ?"

"ಕೆಡಲಿ ಬಿಡು. ಸಾಹೇಬರುಗಳು ಹಿಂದೊಂದು ಮುಂದೊಂದು ಹೇಳಿದ್ದನ್ನೆಲ್ಲ ನಾನು ಜೀವಮಾನವಿಡೀ ಬರ್ಕೊಂಡಿಲ್ವಾ? ಅವನೂ ಬರ್ಕೊಳ್ಳಲಿ" ಎಂದರು.

ಮುಂದಿನ ದೀಪಾವಳಿಯ ಮಾರನೆಯ ಬೆಳಿಗ್ಗೆ, ಪ್ರತಿ ವರ್ಷದಂತೆ, ತಿಮ್ಮನ ಕಾಲಿಗೆ ಚುಚ್ಚದಿರಲೆಂದು ಅಕ್ಕ ಗೇಟಿನವರೆಗೂ ಪಟಾಕಿಯ ಚೂರು ಗುಡಿಸುತ್ತಿದ್ದರು. ನಡುವೆ ಪೊರಕೆ ಊರಿ ನಿಂತು ಬಹಳ ಹೊತ್ತು ಕೆಮ್ಮಿದರು. ಆ ದಿನಗಳಲ್ಲಿ ದಿಲ್ಲಿಯಲ್ಲಿ ಕೆಮ್ಮದವರು ಯಾರಿದ್ದಾರೆ? ಹೊಗೆ ಇಳಿದ ಮೇಲೂ ಅವರ ಕೆಮ್ಮು ಇಳಿಯಲಿಲ್ಲ. ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ಗೆಡ್ಡೆ, ಬೆನ್ನಿನ ಮೂಳೆಗೂ ಹರಡಿದೆ ಎಂದರು. ಗೆಡ್ಡೆಯ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸುತ್ತೇವೆ, ಬರಲು ಸಮಯ ಹಿಡಿಯುತ್ತದೆ, ಅದರ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಕೆಲವು ತಿಂಗಳು ಎನ್ನುವ ಮಾತು ಬಂತು. ಅಕ್ಕ ಅಳಲಿಲ್ಲ. ವಾಪಸು ಬರುವಾಗ ಆಟೋದಲ್ಲಿ ಕೇಳಿದ್ದು ಒಂದೇ: "ತಿಮ್ಮನ್ನ ಏನು ಮಾಡಲೇ?"

ಗೆಡ್ಡೆಯ ಚೂರು ತೆಗೆಸಲು ಅಕ್ಕ ಆಸ್ಪತ್ರೆಯಲ್ಲಿದ್ದ ವಾರ ಅವನನ್ನು ಊರಾಚೆಯ ನಾಯಿ ನೋಡಿಕೊಳ್ಳುವ ಜಾಗವೊಂದರಲ್ಲಿ ಬಿಟ್ಟಿದ್ದೆವು. ಒಳ್ಳೆಯ ಜನವೇ. ಆದರೆ ತಿಮ್ಮ ಅನ್ನ ಮುಟ್ಟಲಿಲ್ಲ, ಹೊಸ ನೆಲದಲ್ಲಿ ಜಾರಿ ಬಿದ್ದ, ಪಾದ ಒರೆಸಲು ಹೋದವನಿಗೆ ಬಾಯಿ ಹಾಕಿದ. ಅಕ್ಕ ಕರೆತರುವಾಗ ಅವನ ಎರಡು ಪಾದ ಊದಿಕೊಂಡಿದ್ದವು. ಮನೆಗೆ ಬಂದು ಅವರು ಟವೆಲ್ ಹಾಸಿದೊಡನೆ, ಕುಂಟುತ್ತ ಬಂದು ತಾನಾಗಿ ಕಾಲು ಚಾಚಿದ.

ನಾವಿಟ್ಟುಕೊಳ್ಳುತ್ತೇವೆ ಎಂದು ನಾನೂ ನನ್ನ ಗಂಡನೂ ಹೇಳಿದೆವು. ಮನಸ್ಸಿಟ್ಟೇ ಹೇಳಿದೆವು. ಅಕ್ಕ ಪ್ರಯತ್ನ ಮಾಡಿಸಿಯೂ ನೋಡಿದರು. ನನ್ನ ಗಂಡ ಅಕ್ಕನ ಪಕ್ಕದಲ್ಲೇ ಕೂತು, ಅವರ ಹಾಗೆಯೇ ಕರೆದು, ದಿನಗಟ್ಟಲೆ ಕೈಯೊಡ್ಡಿದರು. ತಿಮ್ಮ ಗುರ್ರೆನ್ನಲಿಲ್ಲ. ನಾಲ್ಕೂ ಕಾಲನ್ನು ಹೊಟ್ಟೆಯಡಿ ಮಡಿಸಿಕೊಂಡು ನಡುಗಿದ. ಒಂದು ಸಂಜೆ ಅಕ್ಕ, "ಸಾಕು ಬಿಡಿ, ಅವನಿಗೆ ಹಿಂಸೆ" ಎಂದು ಟವೆಲ್ ಮಡಿಸಿದರು. ಮಾರನೆಯ ದಿನ ತಾವೇ ಪಶುವೈದ್ಯರಿಗೆ ಫೋನು ಮಾಡಿದರು.

ವೈದ್ಯರು ಬಂದರು. ಹರಳೆಣ್ಣೆಗೆ ನಕ್ಕಿದ್ದ ಅದೇ ಮನುಷ್ಯ. ಅಂದು ಅವರ ಮುಖ ನೋಡಲಾಗುತ್ತಿರಲಿಲ್ಲ. "ಮೇಡಂಜೀ, ಅಭೀ ತೋ ಖಾ ರಹಾ ಹೈ, ಚಲ್ ರಹಾ ಹೈ" ಎಂದರು. ಇನ್ನೂ ಉಣ್ಣುತ್ತಿದ್ದಾನೆ, ನಡೆಯುತ್ತಿದ್ದಾನೆ, ಈಗಲೇ ಸೂಜಿ ಚುಚ್ಚಿ ಕಳಿಸುವುದು ಯಾಕೆ ಎಂದು. ಅಕ್ಕ ತಮ್ಮ ಕಚೇರಿಯ ಹಿಂದಿಯಲ್ಲಿ, ಕಡತದ ವಿಷಯ ಹೇಳುವ ಹಾಗೆ ಹೇಳಿದರು: ಇವತ್ತು ನಡೆಯುತ್ತಿದ್ದಾನೆ, ಯಾಕೆಂದರೆ ಇವತ್ತು ನಾನಿದ್ದೇನೆ. ಆತ ತಮ್ಮ ಚೀಲ ತೆರೆದರು.

ಅಕ್ಕ ಸ್ವಲ್ಪ ತಡೆಯಿರೆಂದು ಟವೆಲ್ ಹಾಸಿ ಕೂತರು. ಪಾದ ಒರೆಸಿ, ಕೂದಲು ಸರಿ ಮಾಡಿ, ಉಗುರಿಗೆ ಕೈ ಹಾಕಿದರು.

"ಅಕ್ಕ, ಇವತ್ತು ಶುಕ್ರವಾರ" ಎಂದೆ. ಯಾಕೆ ಹಾಗೆಂದೆನೋ, ಬಾಯಿಂದ ಬಂದುಬಿಟ್ಟಿತು.

"ಇನ್ಯಾವ ವಾರಕ್ಕೆ ಅಂತ ಕಾಯಲೇ?" ಎಂದರು, ತಲೆಯೆತ್ತದೆ.

ನಾಲ್ಕೂ ಕಾಲಿನ ಉಗುರು ಮುಗಿಯಿತು. ಸೂಜಿಗೆ ಮುಂಗಾಲಿನ ನರ ಬೇಕು, ಅಲ್ಲಿ ಸ್ವಲ್ಪ ಕೂದಲು ತೆಗೆಯಬೇಕು ಎಂದರು ವೈದ್ಯರು. ಅದನ್ನೂ ಅಕ್ಕನೇ ತೆಗೆದರು. ತಿಮ್ಮನ ಬೆನ್ನಿನ ಮೇಲೆ ಯಾರಾದರೂ ಕೈ ಇಟ್ಟಿರಬೇಕಿತ್ತು, ನಾನಿಟ್ಟೆ. ನನ್ನ ಜನ್ಮದಲ್ಲಿ ನಾಯಿಯೊಂದನ್ನು ಮುಟ್ಟಿದ್ದು ಅದೇ ಮೊದಲು. ಇಷ್ಟು ಬೆಚ್ಚಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. "ತಿಮ್ಮ, ಕಾಲು ಕೊಡಪ್ಪ" ಎಂದರು ಅಕ್ಕ. ಅವನು ಕೊಟ್ಟ. ಆ ಕಾಲಿನ ನರ ಸಿಗಲಿಲ್ಲ, ಇನ್ನೊಂದು ಬೇಕೆಂದರು. "ಆ ಕಾಲು ಕೊಡಪ್ಪ" ಎಂದರು. ಅದನ್ನೂ ಕೊಟ್ಟ.

ಪ್ರಾರ್ಥನೆ ನೆರವೇರಿತು ಎಂದೇ ಹೇಳಬೇಕು. ತಿಮ್ಮ ಮುಂಚೆ ಹೋದ, ನೋವಿಲ್ಲದೆ ಹೋದ, ಅವರ ಕೈಯಲ್ಲೇ ಹೋದ. ಇನ್ನು ತಮ್ಮ ಸರದಿ ಎಂದು ಅಕ್ಕ ಮೈಸೂರಿನ ತಮ್ಮನ ಮಗನಿಗೆ ಹೇಳಿ ಕಳಿಸಿದರು, ಪಾತ್ರೆ ಪಗಡೆಗಳನ್ನು ಹಂಚಲು ಶುರು ಮಾಡಿದರು. ನನಗೆ ಇಡ್ಲಿ ಪಾತ್ರೆ ಬಂತು. ಅಷ್ಟರಲ್ಲಿ ಆ ಎರಡನೇ ಪರೀಕ್ಷೆಯ ಫಲ ಬಂತು. ಅವರ ಗೆಡ್ಡೆಯ ಜಾತಿಗೆ ಸರಿಹೊಂದುವ ಮಾತ್ರೆಯೊಂದಿದೆ, ಎಲ್ಲರಿಗೂ ಒದಗುವುದಿಲ್ಲ, ಇವರಿಗೆ ಒದಗಬಹುದು ಎಂದರು. ತಮ್ಮನ ಮಗನ ಬಲವಂತಕ್ಕೆ ಅಕ್ಕ ನುಂಗಲು ಶುರು ಮಾಡಿದರು. ಮೊದಲು ಕೆಮ್ಮು ನಿಂತಿತು. ಆಮೇಲೆ ಬೆನ್ನು ನೋವು ಹೋಯಿತು. ಬೇಸಿಗೆಗೆ ಹಸಿವು ಬಂತು. ನಾನು ಇಡ್ಲಿ ಪಾತ್ರೆ ಹಿಂದಿರುಗಿಸಿದೆ.

ಅವರು ಮತ್ತೆ ವರ್ಷಗಟ್ಟಲೆ ಬದುಕಿದರು. ಚೆನ್ನಾಗಿಯೇ ಬದುಕಿದರು ಎಂದು ನೋಡಿದವರು ಹೇಳುತ್ತಾರೆ. ಮಾತ್ರೆಯ ಬಲ ತೀರಿದ್ದು ಈ ಚಳಿಗಾಲದಲ್ಲಿ, ಅಷ್ಟೇ. ಆ ವರ್ಷಗಳಲ್ಲಿ ಅವರು ಇನ್ನೊಂದು ನಾಯಿ ತರಲಿಲ್ಲ. ರಬ್ಬರು ಚಾಪೆಗಳನ್ನು ತೆಗೆಯಲೂ ಇಲ್ಲ, ನಾವು ಚಪ್ಪಲಿ ಬಿಟ್ಟರೆ ಗದರಲೂ ಇಲ್ಲ. ಸಂಜೆ ಕಾಫಿಯಾದ ಮೇಲಿನ ಹೊತ್ತು ಅವರಿಗೆ ಕಷ್ಟವಾಗುತ್ತಿತ್ತು. ಕೈ ಏನಾದರೂ ಹುಡುಕುತ್ತಿತ್ತು, ಸೆರಗಿನ ತುದಿ, ಪೇಪರಿನ ಮೂಲೆ. ನಾನು ಸುಮ್ಮನೆ ಹುರುಳಿಕಾಯಿ ತಂದು ಮುಂದಿಡುತ್ತಿದ್ದೆ. ಒಮ್ಮೆ ನಾರು ಬಿಡಿಸುತ್ತ, "ನಾನು ಕಾಯಬೇಕಿತ್ತು, ಅಲ್ವೇನೇ?" ಎಂದರು. ಅವನಿಗೆ ನೋವಾಗಲಿಲ್ಲ ಅಕ್ಕ ಎಂದೆ. "ಅದು ನನಗೂ ಗೊತ್ತು. ನಾನು ಕೇಳಿದ್ದು ಅದಲ್ಲ" ಎಂದರು. ನಾನು ಇನ್ನೊಂದು ಹಿಡಿ ಹುರುಳಿಕಾಯಿ ಅವರ ಮುಂದೆ ಸರಿಸಿದೆ. ನನಗೆ ಗೊತ್ತಿರುವುದು ಇಷ್ಟೇ: ಆ ಹೆಂಗಸಿನಷ್ಟು ಪ್ರೀತಿ ಮಾಡಿದವರನ್ನು ನಾನು ಕಂಡಿಲ್ಲ, ಅವರಿಗೆ ಆದ ಅನ್ಯಾಯಕ್ಕೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಒದ್ದಾಡುತ್ತೇನೆ.

ಅವರನ್ನು ನೆನೆದಾಗಲೆಲ್ಲ ಒಂದು ದಿನ ಕಣ್ಣ ಮುಂದೆ ನಿಲ್ಲುತ್ತದೆ. ಮಾತ್ರೆ ಶುರುವಾದ ಮೇಲೆ ಮೊದಲ ಸ್ಕ್ಯಾನ್ ತೋರಿಸಲು ಹೋಗಿದ್ದೆವು. ಡಾಕ್ಟರು ಪರದೆಯ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, ಗೆಡ್ಡೆ ಬಹುಪಾಲು ಕರಗಿದೆ, ನಾವೇ ಇಷ್ಟು ನಿರೀಕ್ಷಿಸಿರಲಿಲ್ಲ ಎಂದು ಎದ್ದು ನಿಂತು ಅಕ್ಕನ ಕೈ ಕುಲುಕಿದರು. ಅಕ್ಕ ಥ್ಯಾಂಕ್ಯೂ ಹೇಳಿದರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತವರು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದರು. ರೋಗ ಗೊತ್ತಾದ ದಿನ ಅತ್ತಿರಲಿಲ್ಲ, ಆ ಶುಕ್ರವಾರವೂ ಅತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ಎದುರು ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತಿದ್ದ, ನಮಗೆ ಗುರುತಿಲ್ಲದ ಹೆಂಗಸೊಬ್ಬಳು ಎದ್ದು ಬಂದು ಅಕ್ಕನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. "ಹಿಮ್ಮತ್ ರಖೋ, ಬೆಹನ್‌ಜೀ" ಎಂದಳು. ಡಾಕ್ಟರುಗಳೇನು ದೇವರಲ್ಲ, ಅವರು ಇಷ್ಟೇ ದಿನ ಎಂದದ್ದು ಎಷ್ಟೋ ಸಲ ಸುಳ್ಳಾಗುತ್ತದೆ, ನೋಡುತ್ತಿರಿ, ನಿಮ್ಮದೂ ಸುಳ್ಳಾಗುತ್ತದೆ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದಳು.

ಅಕ್ಕ ಅವಳ ಹೆಗಲ ಮೇಲಿಂದಲೇ ನನ್ನ ಕಡೆ ತಿರುಗಿದರು.

"ಸುಳ್ಳಾಯ್ತು ಕಣೇ" ಎಂದರು.